ಏಳು ಡಿಗ್ರಿಯಲ್ಲಿ

ಡೆಬ್ರೆಸೆನ್, ಜನವರಿ. ಕಿಟಕಿಯಾಚೆ ಟ್ರಾಮು
ಹಿಮ ಅರೆಯುತ್ತ ತಿರುವು ದಾಟುತ್ತದೆ.
ಒಳಗೆ ಎತೆಲ್ಕಾ, ಉಸಿರು ಹಿಡಿದು,
ಹದಿನಾಲ್ಕನೆಯ ಕಪ್ಪೆಯ ತೊಡೆಯಿಂದ
ಒಂದೇ ಒಂದು ಎಳೆ ಬಿಡಿಸುತ್ತಾಳೆ.
"ಜಗ್ಗಬೇಡ ಬುಲ್ಚು. ಜಡೆ ಬಿಚ್ಚೋ ಹಾಗೆ,
ತಾನಾಗಿ ಬರಲಿ."
ಬೆಳಿಗ್ಗೆ ಆ ಒಂದು ಏಟಿನ ಹೊತ್ತಿಗೆ
ನಾನು ಗೋಡೆ ನೋಡುತ್ತಿದ್ದೆ.

ಎರಡೂ ತುದಿಗೆ ರೇಷ್ಮೆ ಗಂಟು.
ತಣ್ಣಗಿನ ಉಪ್ಪುನೀರು, ಏಳು ಡಿಗ್ರಿ.
ಮದ್ದು ಬಿಟ್ಟೆವು. ಎಳೆ ಏನೂ ಅನ್ನಲಿಲ್ಲ.
ಪೊಟ್ಯಾಸಿಯಂ ಸುರಿದರೆ ಎಂದಿನಂತೆ ಮುದುಡಿ
ಕಾಗದದ ಮೇಲೊಂದು ಗುಡ್ಡ ಬರೆದು
ಸಡಿಲಾಯಿತು.
"ಮದ್ದು ಸುಳ್ಳು" ಅಂದೆ.
"ತಡಿ."

ತೊಳೆದು, ಕಾದು, ಮತ್ತೆ ಸುರಿದೆವು.
ಲೇಖನಿ ನೆಟ್ಟಗೆ ನಡೆಯಿತು,
ಕಪ್ಪೆ ಹುಟ್ಟಿದ ಹೊರ್ತೊಬಾಜ್ ಬಯಲಿನ ಹಾಗೆ,
ಒಂದು ದಿಬ್ಬವೂ ಇಲ್ಲದೆ.

ಹೃದಯಕ್ಕಾದರೆ ಇದು ಬಾಗಿಲು:
ಹೊರಗಿನ ಸುಣ್ಣದ ಕಣ ಒಳಗೆ ಬಂದರೇ ಬಡಿತ.
ತೊಡೆಯ ಎಳೆಯಲ್ಲಿ ಬಾಗಿಲಿಗೆ ಕಿವಿಯ ಕೆಲಸ.
ಪೊರೆಯ ಮೇಲೆ ಹಾಯುವ ಮಿಂಚು ಕೇಳಿ
ಒಳಗಿನ ಕಣಜಕ್ಕೆ ಹೇಳುತ್ತದೆ, ಬಿಚ್ಚು ಅಂತ.
ಒಮ್ಮೆ ಕೇಳಿ ದಣಿದ ಆ ಕಿವಿಯ ಮೇಲೆ
ಈಗ ಮದ್ದು ಅಂಗೈ ಇಟ್ಟು ಕೂತಿದೆ;
ಚಳಿ ಅದನ್ನು ಏಳಗೊಡುವುದಿಲ್ಲ.

"ಹಾಗಾದ್ರೆ ಕಣಜ ಖಾಲಿಯೋ?"
ಎತೆಲ್ಕಾ ಮಾತಾಡದೆ ಕೆಫೀನ್ ಬಿಟ್ಟಳು.
ಸತ್ತಂತಿದ್ದ ಎಳೆ ಹೇಗೆ ಬಿಗಿಯಿತೆಂದರೆ
ಗಂಟಿನ ಹತ್ತಿರ ಹರಿದೇಹೋಯಿತು.
"ತುಂಬಿತ್ತು" ಅಂದಳು, ಚೂರು ಕಾಣದ ಕಸದಲ್ಲಿ
ಚಿಮಟ ಒರೆಸುತ್ತ.

ಮತ್ತೊಂದು ಎಳೆ. ಮತ್ತದೇ ಬಯಲು.
ಈ ಸಲ ತಂಪಿನ ಯಂತ್ರ ಆರಿಸಿದಳು.
ಹತ್ತು. ಹದಿನಾರು. ನಾವು ಮಾತಿಲ್ಲದೆ
ಪಾದರಸ ನೋಡುತ್ತ ಕೂತೆವು.
ಅವಳು ಏಪ್ರನ್ ಜೇಬಿಂದ ಗುಳಿಗೆ ತೆಗೆದಳು,
ರಕ್ತದೊತ್ತಡಕ್ಕೆ ಡಾಕ್ಟರು ಕೊಟ್ಟದ್ದು,
ನಮ್ಮ ಸೀಸೆಯ ಮದ್ದಿನ ದಾಯಾದಿ.
ನಾನು ಅವಳ ಬೆರಳು ನೋಡಿದೆ.
"ನೋಡಬೇಡ. ನನ್ನದು ಬೆಚ್ಚಗಿನ ರಕ್ತ" ಎಂದು
ತಣ್ಣಗಾದ ಕಾಫಿಯಲ್ಲೇ ನುಂಗಿದಳು.

ಇಪ್ಪತ್ತೆರಡು.
ಲೇಖನಿ ಮೆಲ್ಲಗೆ ಎದ್ದಿತು.
ಹಳೆಯ ಗುಡ್ಡದಷ್ಟಿಲ್ಲ, ಒಂದು ಗೂನು ಅಷ್ಟೆ.
ಅದರ ಪಕ್ಕ ಎತೆಲ್ಕಾ ಹೊತ್ತು ಬರೆದಳು,
ನಾಲ್ಕು ಗಂಟೆ ಹನ್ನೊಂದು ನಿಮಿಷ.
ಕಪ್ಪೆಯ ಅಂಕಿಯನ್ನು ನನ್ನಿಂದ ಬರೆಸಿದಳು.