ತಡವಾದ ಕಿಡಿ

ಸಂಜೆ ಆರೂವರೆಗೆ ಶಟರ್ ಅರ್ಧ ಇಳಿಸಿ
ಟ್ಯೂಬ್‌ಲೈಟು ಆರಿಸಿದರು ದಸ್ತಗೀರ್ ಮೇಸ್ತ್ರಿ.
ಈ ಜ್ವರ ನೋಡುವುದಾದರೆ ಕತ್ತಲಲ್ಲೇ ನೋಡಬೇಕು.

ಕಂಪೌಂಡರ್ ಹಾಲೇಶಪ್ಪನವರ ಲ್ಯಾಂಡ್‌ಮಾಸ್ಟರ್,
ಐವತ್ತಾರರದ್ದು, ಪಾಚಿ ಹಸಿರು,
ಇಪ್ಪತ್ತು ನಿಮಿಷದಿಂದ ನಿಂತಲ್ಲೇ ಓಡುತ್ತಿತ್ತು.
ಬಾನೆಟ್ಟಿನಡಿ ಮೊದಲು ಏನೂ ಇಲ್ಲ.
ಆಮೇಲೆ ಮ್ಯಾನಿಫೋಲ್ಡಿನ ಮೊಣಕೈಯಲ್ಲಿ
ಯಾರೋ ಸೇದಿ ಬಿಟ್ಟ ಬೀಡಿಯಷ್ಟು ಕೆಂಪು,
ನೋಡನೋಡುತ್ತ ತೋಳಿಡೀ ಕೆಂಪು.

"ಮಂಡಗದ್ದೆ ದಾಟೋ ಹೊತ್ತಿಗೆ ಕಾಲಿಡೋಕಾಗಲ್ಲ" ಅಂದರು ಕಂಪೌಂಡರು,
"ನಮ್ಮನೆಯೋಳು ತೀರ್ಥಹಳ್ಳಿವರೆಗೂ ಸೀಟಿನ ಮೇಲೇ
ಚಕ್ಕಂಬಕ್ಕಳ ಹಾಕಿ ಕೂತಿದ್ಲು."

ಕೆಂಪೇರುವ ಮೊದಲೇ ನಾನು ಬೆರಳದ್ದಿ ನೀರು ಸಿಡಿಸಿ ನೋಡಿದ್ದೆ:
ಎಲ್ಲ ಕವಲಿಗೂ ಒಂದೇ ಚುಂಯ್.
ಒಬ್ಬನ ಕಾಯಿಲೆಯಲ್ಲ, ಮನೆಮಂದಿಗೆಲ್ಲ ಕಾವು.
ಪ್ಲಗ್ಗು ಬಿಚ್ಚಿದರೆ ಹುರಿದ ರಾಗಿಯ ಬಣ್ಣ;
ಗಾಳಿ ಹೆಚ್ಚಾಗಿದ್ದರೆ ಬೂದಿಯ ಹಾಗೆ ಬೆಳ್ಳಗಿರುತ್ತಿತ್ತು.
ಇಂಟೇಕಿನ ಪ್ಯಾಕಿಂಗಿನ ಸುತ್ತ ಎಣ್ಣೆ ಬಿಟ್ಟೆವು,
ಹೀರಲಿಲ್ಲ, ದನಿ ಬದಲಿಸಲಿಲ್ಲ.
ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದರೆ ಉಸಿರು ಧಾರಾಳ.
ಕಣಜ ಗೂಡು ಕಟ್ಟಿರಲಪ್ಪಾ ಎಂದು
ಇಬ್ಬರೂ ಒಳಗೊಳಗೇ ಬಯಸಿದ್ದೆವೇನೋ.

ಉಳಿದದ್ದು ಡೆಲ್ಕೊ.

ಯುಗಾದಿಯ ಹಿಂದಿನ ದಿನ ಅದನ್ನು ಕೂರಿಸಿದ್ದು ಮೇಸ್ತ್ರಿಯೇ.
ನಲವತ್ತೊಂದು ವರ್ಷ ಕಿವಿಯಿಂದಲೇ ಟೈಮಿಂಗ್ ಹಿಡಿದವರು:
ಗಾಜನೂರಿನ ಏರು, ಮೂರನೇ ಗೇರು, ಕಾಲು ಒತ್ತಿ,
ಟಿಣ್ ಎಂದರೆ ಕೂದಲೆಳೆಯಷ್ಟು ಹಿಂದೆ. ಅಷ್ಟೇ ಶಾಸ್ತ್ರ.
ಅವತ್ತು ನಾನು ಪಕ್ಕದಲ್ಲಿದ್ದೆ.
"ಬಡೀತಿದೆ ಲೋಹಿತಾ" ಎಂದರು, ಇಳಿದು ಹಿಂದಕ್ಕೆ ತಿರುಗಿಸಿದರು.
ಮತ್ತೆ ಏರು. "ಇನ್ನೂ ಬಡೀತಿದೆ."
ಮತ್ತೆ ಹಿಂದಕ್ಕೆ. ಮತ್ತೆ.
ನನಗೇನೂ ಕೇಳಿರಲಿಲ್ಲ.
ನನ್ನ ಕಿವಿ ಇನ್ನೂ ಎಳಸು ಅಂದುಕೊಂಡು
ಹೂಂ ಅಂದಿದ್ದೆ.

ಈಗ ಪುಲ್ಲಿಯ ಗೀರಿಗೆ ಸೀಮೆಸುಣ್ಣ ತೀಡಿ
ಟೈಮಿಂಗ್ ಲೈಟು ಹಿಡಿದೆ.
ಮೇಸ್ತ್ರಿ ಅದನ್ನು ಆಟದ ಸಾಮಾನು ಅನ್ನುತ್ತಿದ್ದರು.
ತಿರುಗುವ ಗೀರು ಮಿಣುಕುಬೆಳಕಿನಲ್ಲಿ ನಿಂತ ಹಾಗೆ ಕಂಡಿತು,
ಸೂಜಿಯ ಎದುರಿಗಲ್ಲ, ಒಂದು ಹೆಬ್ಬೆರಳು ಆಚೆ.
ಹತ್ತು, ಹನ್ನೆರಡು ಡಿಗ್ರಿ ತಡ.

ಕಂಪೌಂಡರಿಗೆ ನಾನೇ ಬಿಡಿಸಿ ಹೇಳಿದೆ:
ಕಿಡಿ ತಡವಾದರೆ ಪೆಟ್ರೋಲು ಒಳಗೆ ಉರಿದು ಮುಗಿಯುವುದಿಲ್ಲ ಸಾರ್,
ವಾಲ್ವು ತೆರೆದಾಗ ಉರಿಯುತ್ತಲೇ ಹೊರಡುತ್ತದೆ,
ಗಾಡಿ ಎಳೆಯಬೇಕಾದ ಬೆಂಕಿ
ಹೋಗುವ ದಾರಿಯನ್ನು ಸುಡುತ್ತದೆ.
ಹೇಳುತ್ತ ಹೇಳುತ್ತ ನನ್ನ ಗಂಟಲು ಬಿಸಿಯಾಯಿತು.

ಇಂಜಿನ್ ಆಫ್ ಮಾಡಿದೆ.
ಆರುವ ಕಬ್ಬಿಣ ಟಿಕ್, ಟಿಕ್ ಎಂದಿತು,
ಆಮೇಲೆ ಬಿಟ್ಟು ಬಿಟ್ಟು,
ಆಮೇಲೆ ಅದೂ ಇಲ್ಲ.
ಹೊರಗೆ ಸಾಗರ ರಸ್ತೆಯಲ್ಲಿ ಕೊನೇ ಟ್ರಿಪ್ಪಿನ ಬಸ್ಸೊಂದು ಹೋಯಿತು.
ಮೇಸ್ತ್ರಿ ತಲೆ ವಾಲಿಸಿ ಕೂತೇ ಇದ್ದರು.
"ಬಡೀತಾನೇ ಇದೆಯಲ್ಲೋ."
ಗ್ರೀಸಿನ ಕೈಯಿಂದ ಎಡಗಿವಿ ಮುಚ್ಚಿದರು. ತೆಗೆದರು. ಮತ್ತೆ ಮುಚ್ಚಿದರು.
"ನಿಂಗೆ ಕೇಳ್ತಿಲ್ವಾ?"
"ಇಲ್ಲ ಮೇಸ್ತ್ರಿ."

ಹಾಲೇಶಪ್ಪನವರು ಎದ್ದು ಬಂದು, ಜೇಬಿನ ಟಾರ್ಚು ಬಿಟ್ಟು,
ಅವರ ಕಿವಿಯೊಳಕ್ಕೆ ಇಣುಕಿದರು.
ಮೆಗ್ಗಾನ್ ಆಸ್ಪತ್ರೆಯ ಹಳೇ ಅಭ್ಯಾಸ.
ಏನು ಕಂಡಿತೋ, ಹೇಳಲಿಲ್ಲ;
ಬಿಲ್ಲು ಎಷ್ಟಾದರೂ ಕೊಡುತ್ತೇನೆ ಅಂದರು, ಯಾರೂ ಕೇಳದಿದ್ದರೂ.

ಮರುದಿನ ಬೆಳಿಗ್ಗೆ ಗಾಜನೂರಿನ ಏರು.
ಸ್ಟೇರಿಂಗಿನಲ್ಲಿ ಮೇಸ್ತ್ರಿ, ತೊಡೆಯ ಮೇಲೆ ಸ್ಪ್ಯಾನರ್ ಇಟ್ಟುಕೊಂಡು ನಾನು.
ಇಳಿದು ಕೂದಲೆಳೆ ಮುಂದೆ. ಹತ್ತಿ ಇಳಿದು
ಮತ್ತೊಂದು ಕೂದಲೆಳೆ ಮುಂದೆ.
ಅವರು ರಸ್ತೆಗಿಂತ ಹೆಚ್ಚು ನನ್ನ ಮುಖ ನೋಡುತ್ತಿದ್ದರು.
ನಾಲ್ಕನೇ ಸಲ ಬಂತು ಅದು,
ಗಾಜಿನ ಲೋಟಕ್ಕೆ ಚಮಚ ತಾಗಿದ ಹಾಗೆ,
ತೀರಾ ಚಿಕ್ಕದು.
"ಈಗ" ಅಂದೆ.

ಅವರು ಕಾಲು ತೆಗೆದರು.