ಆರನೇ ಕಲಂ

ಜೂನ್ ಮೊದಲ ವಾರ. ಅರಸೀಕೆರೆ.
ಕೊಬ್ಬರಿ ಮಂಡಿಯ ಹಿಂದಿನ ಅನುದಾನಿತ ಶಾಲೆಯಲ್ಲಿ
ಇಪ್ಪತ್ತಾರು ವರ್ಷದಿಂದ ನಾನು ಗುಮಾಸ್ತ.
ಆರನೇ ಕಲಂ, ಧರ್ಮ,
ಯಾರನ್ನೂ ಕೇಳಿ ತುಂಬಿದವನಲ್ಲ.
ಹೆಸರು ನೋಡುತ್ತೇನೆ, ಹಣೆ ನೋಡುತ್ತೇನೆ,
ಪೆನ್ನು ತಾನೇ ಬರೆದುಕೊಳ್ಳುತ್ತದೆ.

ಮೋಟಾರು ವೈಂಡಿಂಗಿನ ರೇವಣಸಿದ್ದ
ಮಗಳ ಕೈ ಹಿಡಿದು ಬಂದ.
‘ಅದೊಂದು ಖಾಲಿ ಬಿಡಿ ಸಾರ್’ ಅಂದ,
ಟೀಗೆ ಸಕ್ಕರೆ ಬೇಡ ಅನ್ನುವಷ್ಟು ಮೆತ್ತಗೆ.

ಅಲ್ಲಯ್ಯ, ನಿನ್ನ ಹೆಸರಲ್ಲೇ ಸಿದ್ಧರು ಕೂತಿದ್ದಾರಲ್ಲ?
‘ಹೆಸರು ಅವ್ವ ಇಟ್ಟಿದ್ದು. ಅವ್ವನನ್ನ ಬಿಟ್ಟಿಲ್ಲ.’
ಮಗುವಿನ ಹೆಸರು?
‘ತುಂಬೆ.’
ಶಿವನ ಹೂವು! ಸಿಕ್ಕಿಬಿದ್ದೆ ನೋಡು, ಅಂದೆ.
‘ಜೇನಿಗೂ ಅದು ಇಷ್ಟ ಸಾರ್.’
ಹುಡುಗಿ ಕಿಸಕ್ಕನೆ ನಕ್ಕಳು.

ನಾನು ವಿಭೂತಿ ಹಚ್ಚದೆ ನೀರೂ ಕುಡಿಯದವನು.
ವಾದಕ್ಕೆ ತೋಳೇರಿಸಿದೆ. ಅವನು ವಾದಿಸಲಿಲ್ಲ.
ಸತ್ತ ಮೇಲೆ ಏನೂ ಇಲ್ಲವೇನಯ್ಯ ಅಂದದ್ದಕ್ಕೆ
‘ಗೊತ್ತಿಲ್ಲ ಸಾರ್. ನಾಳೆ ನಾಲ್ಕು ಮೋಟಾರು ಕೊಡಬೇಕು,
ಇವಳಿಗೆ ಸೈಕಲ್ ಬ್ಯಾಲೆನ್ಸ್ ಬರಬೇಕು.
ಅಷ್ಟು ಗೊತ್ತು.’
ಆ ದನಿಯಲ್ಲಿ ಏನೋ ಕಳಕೊಂಡವನನ್ನು ಹುಡುಕಿದೆ.
ಸಿಗಲಿಲ್ಲ.

ಮುಚ್ಚಳ ತೆಗೆದ ಪೆನ್ನು ಹಿಡಿದೇ ಕೂತೆ.
ಎಷ್ಟು ಸಾವಿರ ಸಲ ಬರೆದ ಪದ!
ನಮ್ಮಜ್ಜಿ ಕಾಲಿನ ಹುಣ್ಣಿಗೆ ಮುಲಾಮು ತರುತ್ತಿದ್ದದ್ದು
ಧರ್ಮಾಸ್ಪತ್ರೆಯಿಂದ.
ಸಂತೆಯಲ್ಲಿ ಜೇಬುಗಳ್ಳನ ಬೆನ್ನಿಗೆ ಬಿದ್ದದ್ದು ಧರ್ಮದೇಟು.
ರೈಲ್ವೆ ಸೇತುವೆಯ ಮೆಟ್ಟಿಲಲ್ಲಿ ತಟ್ಟೆಯೊಡ್ಡಿದವನ ಕೂಗೂ ಅದೇ,
ಧರ್ಮ ಮಾಡಿ ತಾಯೀ.
ಮತ್ತೆ, ನಮ್ಮ ಬೀದಿಯ ನೀರಿನ ಮೋಟಾರು ಸುಟ್ಟ ರಾತ್ರಿ
ತಾಮ್ರದ ತಂತಿ ಸುತ್ತುತ್ತ ಸುತ್ತುತ್ತ ಬೆಳಗು ಮಾಡಿದವನು,
ಎಷ್ಟಾಯಿತಪ್ಪ ಎಂದರೆ ಗ್ರೀಸಿನ ಕೈ ಆಡಿಸಿ
‘ಈ ಸಲ ಧರ್ಮಕ್ಕೆ, ಹೋಗಿ ಸಾರ್’ ಎಂದವನು
ಇವನೇ.

ನೆನಪಿಸಲಿಲ್ಲ.
ನೆನಪಿಸಿದ್ದರೆ ನಗುತ್ತಿದ್ದ, ಗೆದ್ದದ್ದು ನಾನೋ ಅವನೋ ತಿಳಿಯದೆ.

ಒಂದು ಗೆರೆ ಎಳೆದೆ.
ಸ್ಕೇಲು ಸಿಗದೆ ಕೊಂಚ ಸೊಟ್ಟಗಾಯಿತು.
ಕಂಪ್ಯೂಟರು ಗೆರೆ ಒಪ್ಪಲಿಲ್ಲ, ‘ಇತರೆ’ ಒತ್ತು ಎಂದಿತು.
ಒತ್ತಿದೆ.
ಇತರರಿಗಾಗಿ ಒಂದು ರಾತ್ರಿ ನಿದ್ದೆಗೆಟ್ಟವನಿಗೆ
ಅದೇನೂ ಸುಳ್ಳಲ್ಲ ಅನಿಸಿತು.

ಏಳನೇ ಕಲಂ: ಗುರುತಿನ ಮಚ್ಚೆ.
ಕೇಳುವ ಮೊದಲೇ ಹುಡುಗಿ ಲಂಗ ಸರಿಸಿ
ಮೊಣಕಾಲು ಮುಂದೆ ಚಾಚಿದಳು.
ಹಕ್ಕಳೆ ಇನ್ನೂ ಹಸಿ.
‘ನಿನ್ನೆ ಬಿದ್ದಿದ್ದು. ಅಪ್ಪ ಬಿಟ್ಟುಬಿಟ್ಟಿದ್ದ,
ಆದರೂ ಕಂಬದವರೆಗೆ ಹೋದೆ,’
ಅಂದಳು,
ಬರೆದುಕೊಳ್ಳಿ ಅನ್ನುವ ಹಾಗೆ.