ತಗಡಿನ ಕಿಂಡಿ

ಸ್ಕೋರ್‌ಬೋರ್ಡಿನ ತಗಡುಗೂಡಿನೊಳಗೆ ನಾನು,
ಹನ್ನೆರಡು ಚಳಿಗಾಲದಿಂದ, ಶನಿವಾರ ಬಿಡದೆ.
ಅಂಕಿಗಳ ಹಲಗೆ, ಒಂದು ಫ್ಲಾಸ್ಕು ಚಹಾ,
ಬೆರಳು ಕತ್ತರಿಸಿಕೊಂಡ ಕೈಗವಸು.
ಕೆಳಗೆ ಪಾಂಡೆಲಿಸನ ನೀಲಿ ಗಾಡಿ.
ಅದರ ಬಾನೆಟ್ಟಿನ ಮೇಲೆ ನಡೆಯುತ್ತದೆ
ಪಂದ್ಯಕ್ಕಿಂತ ದೊಡ್ಡ ಪಂದ್ಯ:
ಬಿಯರಿನ ಮುಚ್ಚಳಗಳು ನಮ್ಮ ವಿರಾಬಾಂಗಿನ ಹುಡುಗರು,
ಕಡಲೆಕಾಯಿ ಸಿಪ್ಪೆ ಕುಲ್ಗಾರಾದವರು.

"ಸೆಮಿಸಿಯನ್ನು ನಡುವಿನಿಂದ ತೆಗಿ, ಗೋಲಿನ ಬಾಯಲ್ಲಿ ನಿಲ್ಲಿಸು.
ವಾರವೆಲ್ಲ ಬಾದಾಮಿ ಮರ ಅಲುಗಿಸುವ ಕೈ, ಚೆಂಡು ಬಿಟ್ಟೀತೆ?"
"ಆಮೇಲೆ ನಡುವೆ ಎಗರುವವರು ಯಾರು, ನಿನ್ನಜ್ಜಿಯೆ?"
ಲಿಂಡ್ಸೇಗೆ ಎಪ್ಪತ್ತೊಂಬತ್ತು.
ಕುರಿಯ ಉಣ್ಣೆ ಕತ್ತರಿಸಿ ಕತ್ತರಿಸಿ ಬೆನ್ನು ಬಾಗಿದೆ,
ನಾಲಿಗೆ ಮಾತ್ರ ಇನ್ನೂ ಅಂಚಿನಲ್ಲಿ ಓಡುತ್ತಲೇ ಇದೆ.
ಆಡುವವರು ಹದಿನೆಂಟು, ಆಡಿಸುವವರು ಬೇಲಿಯುದ್ದಕ್ಕೂ.
ಹೋದ ವಾರ ಗೆದ್ದ ಎತ್ತಿನ ಬಾಲ ಹಿಡಿದವರು
ಈ ವಾರ ಅದರ ಹಲ್ಲು ಎಣಿಸುತ್ತಿದ್ದಾರೆ.

ಕುಣಿಯಲಾರದವಳು ನೆಲ ಡೊಂಕೆಂದಳಂತೆ.
ನಮ್ಮಲ್ಲಿ ನೆಲ ನಿಜಕ್ಕೂ ಡೊಂಕು.
ಗೋಧಿಯ ಕಣಜಗಳ ಕಡೆಗೆ ಒಂದು ಮೊಳ ಇಳಿಜಾರು,
ಮೂರು ಗಂಟೆಯ ಮೇಲೆ ಗಾಳಿ ಆ ಕಣಜಗಳಿಗೆ ಬಡಿದು ತಿರುಗುತ್ತದೆ.
ಬೇಲಿಯ ಬಳಿ ನಿಂತವರಿಗೆ ಇದು ಕಾಣದು,
ಕಿಂಡಿಯಿಂದ ಕಾಣುತ್ತದೆ: ಮೊದಲು ಧ್ವಜ, ಆಮೇಲೆ ಹುಲ್ಲು,
ಆಮೇಲೆ ಗೋಲು ಅಂಪೈರಿನ ಬಿಳಿ ಕೋಟಿನ ಚುಂಗು.
ಇನ್ನು ಆ ಮೊಟ್ಟೆಯಂಥ ಚೆಂಡು,
ನೆಲ ತಾಕಿದ ಮೇಲೆ ಅದಕ್ಕೆ ಯಾರ ಹಂಗೂ ಇಲ್ಲ.

"ಹದಿನೇಳು ಮುಗಿದ ಕತೆ," ಎಂದ ಪಾಂಡೆಲಿಸ್.
"ಮಂಡಿಯಿಲ್ಲ. ಎಡಗಾಲಿಲ್ಲ. ಬುದ್ಧಿ ಇತ್ತು, ಅದೂ ಕುಂಟುತ್ತಿದೆ."
ಹದಿನೇಳಕ್ಕೆ ಮುಚ್ಚಳ ಸಾಲದೆ
ಕಿತ್ತಳೆ ಸಿಪ್ಪೆಯೊಂದನ್ನು ಇಟ್ಟಿದ್ದರು.

ಹದಿನೇಳು ನನ್ನ ಕ್ಲೆಮ್.
ರಾತ್ರಿ ಮಂಡಿಗೆ ಹೆಪ್ಪುಗಟ್ಟಿದ ಬಟಾಣಿ ಚೀಲ ಕಟ್ಟಿಕೊಂಡು
ಟೀವಿ ನೋಡುತ್ತಾ ನಿದ್ದೆ ಹೋಗುವವನು.
(ಅದೇ ಬಟಾಣಿಯನ್ನು ಒಮ್ಮೆ ಬೇಯಿಸಿಬಿಟ್ಟೆ. ಯಾರಿಗೂ ಹೇಳಿಲ್ಲ.)
ಮೇಲಿಂದ ಒಂದು ಕಬ್ಬಿಣದ ಎಂಟನ್ನು
ಪಾಂಡೆಲಿಸನ ಬೋಳುತಲೆಯ ಮೇಲೆ ಬಿಡೋಣವೇ ಅನ್ನಿಸಿತು.
ಬಿಡಲಿಲ್ಲ. ಎಂಟು ನಮ್ಮಲ್ಲಿರುವುದು ಒಂದೇ.

ಕೊನೆಯ ನಿಮಿಷ. ನಾಲ್ಕು ಅಂಕ ಹಿಂದೆ.
ಕ್ಲೆಮ್ ಇಬ್ಬರ ಹೆಗಲ ಮೇಲಿಂದ ಚೆಂಡು ಕಿತ್ತು
ಇಳಿದ, ಮಂಡಿ ಮಡಿಸದೆ, ಏಣಿಯಿಂದ ಇಳಿದಂತೆ.
ತಲೆಯೆತ್ತಿ ನೋಡಿದ: ಎಡಕ್ಕೆ ಯಾರೂ ಇಲ್ಲ, ಬಲಕ್ಕೂ ಯಾರೂ ಇಲ್ಲ.
ಒದ್ದ.
ಚೆಂಡು ನಟ್ಟನಡುವೆಯೇ ಹೊರಟಿತ್ತು,
ಕಣಜದ ಗಾಳಿ ಕೈಯಿಟ್ಟಿತು,
ಠಣ್ ಎಂದು ಕಂಬ.
ಒಂದೇ ಧ್ವಜ. ಒಂದೇ ಅಂಕ.
ನಮ್ಮ ಆಟದ ಮರ್ಯಾದೆ ಇದು:
ಗುರಿ ತಪ್ಪಿದವನಿಗೂ ಒಂದು ಕೊಟ್ಟೇ ಕಳಿಸುತ್ತದೆ.

ಅರವತ್ತೈದು ತೆಗೆದು ಅರವತ್ತಾರು ಹಾಕಬೇಕು.
ಆರು ಸಾಲಲಿಲ್ಲ, ಒಂಬತ್ತನ್ನು ತಲೆಕೆಳಗು ಮಾಡಿ ನೇತುಹಾಕಿದೆ.
ಸೈರನ್ ಕೂಗಿತು. ಅತ್ತ ಕುಲ್ಗಾರಾದ ಕಾರುಗಳು ಹಾರ್ನು ಹೊಡೆದವು.

ಇಳಿದು ಬಂದಾಗ ಬಾನೆಟ್ಟಿನ ಸುತ್ತ ಟಾರ್ಚು ಹಚ್ಚಿಕೊಂಡು
ಇನ್ನೂ ವಾದಿಸುತ್ತಿದ್ದರು.
ನನ್ನ ನೋಡಿ ಸುಮ್ಮನಾದರು. ಪಾಂಡೆಲಿಸ್ ಕೆಮ್ಮಿದ.
ಲಿಂಡ್ಸೇ ಕಿತ್ತಳೆ ಸಿಪ್ಪೆಯನ್ನು ಜೇಬಿಗೆ ಹಾಕಲು ಹೋದ.
"ಇರಲಿ," ಅಂದೆ, "ಅದು ಅಲ್ಲೇ ಇರಲಿ."
ಹಿಂದೆಲ್ಲೋ ಬಿದ್ದಿದ್ದ ಒಂದು ಮುಚ್ಚಳವನ್ನು
ಬೆರಳಲ್ಲಿ ತಳ್ಳುತ್ತಾ ತಂದು
ಸಿಪ್ಪೆಯ ಬಲಕ್ಕೆ, ಕೈಯಳತೆಯಲ್ಲಿ, ನಿಲ್ಲಿಸಿದೆ.

ಬಹಳ ಹೊತ್ತು ನೋಡಿದರು.
"ಆದರೆ ನೋರೀನ್," ಎಂದ ಪಾಂಡೆಲಿಸ್ ಮೆಲ್ಲಗೆ,
"ಇವನು ಮುಂದೆ ಬಂದರೆ ಹಿಂದೆ ಯಾರು?"
ನಾನು ಫ್ಲಾಸ್ಕಿನ ಮುಚ್ಚಳ ಬಿಚ್ಚಿ
ಅಲ್ಲಿಟ್ಟೆ.